ಬ್ಯಾಕಪ್ ಪವರ್ ಸ್ಟೇಷನ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ನನ್ನ ಮನೆಗೆ ಪವರ್ ಸ್ಟೇಷನ್, ಅಂದರೆ ಬ್ಯಾಟರಿಯೂ ಅದರ ಡಿಸಿ ಕರೆಂಟನ್ನು ಮನೆಯ ಎಸಿ ಕರೆಂಟಾಗಿಸುವ ಇನ್ವರ್ಟರೂ ಒಟ್ಟಿಗಿರುವ ಪೆಟ್ಟಿಗೆ, ಬಂದ ದಿನ ನಾನು ಮಾಡಿದ ಪರೀಕ್ಷೆ ಇಷ್ಟೇ: ಮೊಬೈಲ್ ಚಾರ್ಜರ್ ಸಿಕ್ಕಿಸಿದೆ, ಮೊಬೈಲ್ ಚಾರ್ಜ್ ಆಯಿತು, ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದೆ. ಮುಂದೆ ಒಂದು ರಾತ್ರಿ ಕರೆಂಟ್ ಹೋದಾಗ ಅದು ವೈಫೈ ರೂಟರನ್ನು ಎರಡು ಗಂಟೆ ನಡೆಸಿ ಸುಮ್ಮನಾಯಿತು. ಪರದೆಯ ಮೇಲೆ ಇನ್ನೂ ಶೇ 91 ಚಾರ್ಜ್ ತೋರಿಸುತ್ತಿತ್ತು. ಬ್ಯಾಟರಿ ಸತ್ತಿದೆ ಎಂದು ಬೈದುಕೊಂಡು ಮಲಗಿದೆ. ಬ್ಯಾಟರಿಗೆ ಏನೂ ಆಗಿರಲಿಲ್ಲ. ಒಂದು ಸೆಟ್ಟಿಂಗ್ ಬದಲಾಯಿಸಿದ್ದರೆ ಬೆಳಗಿನವರೆಗೂ ನಡೆಯುತ್ತಿತ್ತು.

ಅಂದಿನಿಂದ ಈ ಪೆಟ್ಟಿಗೆಗಳ ದೂರು ಕೇಳಿದಾಗಲೆಲ್ಲ ನಾನು ಬ್ಯಾಟರಿಯನ್ನು ಕೊನೆಗೆ ಅನುಮಾನಿಸುತ್ತೇನೆ. ಮೊದಲು ಸೆಟ್ಟಿಂಗ್, ಆಮೇಲೆ ತಂತಿ, ಆಮೇಲೆ ಜೋಡಿಸಿದ ಉಪಕರಣದ ಸ್ವಭಾವ, ಆಮೇಲೆ ನಾವು ಹಾಕಿದ ಲೆಕ್ಕ. ಇಷ್ಟೂ ಸರಿಯಿದ್ದರೆ ಮಾತ್ರ ಬ್ಯಾಟರಿ. ಕೆಳಗಿನ ಪ್ರತಿ ಭಾಗವೂ ಇದೇ ಕ್ರಮದಲ್ಲಿದೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಯಂತ್ರದ ಕೈಪಿಡಿ, ವ್ಯಾಟ್ ಗೊತ್ತಿರುವ ಒಂದೆರಡು ಉಪಕರಣ, ಪೆನ್ನು, ಕಾಗದ. ಪ್ಲಗ್ ಮತ್ತು ಸಾಕೆಟ್ ನಡುವೆ ಸಿಕ್ಕಿಸುವ ವಿದ್ಯುತ್ ಮೀಟರ್ ಒಂದು ಸಿಕ್ಕಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಮಲ್ಟಿಮೀಟರ್ ಬಳಸಿ ಅಭ್ಯಾಸವಿದ್ದವರು ಅದನ್ನೂ ಇಟ್ಟುಕೊಳ್ಳಿ. ಅಭ್ಯಾಸವಿಲ್ಲದವರು ಅದನ್ನು ಕಲಿಯಲು ಎಸಿ ಸಾಕೆಟ್‌ಗೆ ಕಡ್ಡಿ ತೂರಿಸಬೇಡಿ.

ಈ ಲಕ್ಷಣ ಕಂಡರೆ ಪರೀಕ್ಷೆಯೇ ಬೇಡ

ಪೆಟ್ಟಿಗೆಯ ಮೈ ಉಬ್ಬಿದೆ. ಸ್ಪಿರಿಟ್ ಅಥವಾ ಉಗುರುಬಣ್ಣವನ್ನು ನೆನಪಿಸುವ ಸಿಹಿಮಿಶ್ರಿತ ಘಾಟು ಬರುತ್ತಿದೆ. ಒಳಗಿನಿಂದ ಬುಸುಗುಟ್ಟುವ ಸದ್ದು ಕೇಳುತ್ತಿದೆ. ಕೆಲಸವಿಲ್ಲದೆ ಇದ್ದಾಗಲೂ ಒಂದು ಭಾಗ ಕೈಯಿಡಲಾಗದಷ್ಟು ಬಿಸಿಯಾಗಿದೆ. ನೆಲಕ್ಕೆ ಬಿದ್ದಿದೆ ಅಥವಾ ಒಳಕ್ಕೆ ನೀರು ಹೋಗಿದೆ. ಇವುಗಳಲ್ಲಿ ಒಂದೇ ಕಂಡರೂ ಯಂತ್ರವನ್ನು ಚಾಲೂ ಮಾಡಬೇಡಿ, ಚಾರ್ಜಿಗೂ ಹಾಕಬೇಡಿ.

ಹೊಗೆಯೋ ಬುಸುಗುಟ್ಟುವಿಕೆಯೋ ಶುರುವಾಗಿದ್ದರೆ ಪೆಟ್ಟಿಗೆಯನ್ನು ಎತ್ತಿಕೊಂಡು ಓಡುವ ಸಾಹಸ ಬೇಡ. ಮನೆಯವರನ್ನೆಲ್ಲ ಹೊರಗೆ ಕಳುಹಿಸಿ, ಬಾಗಿಲು ಮುಚ್ಚಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ, ಲಿಥಿಯಂ ಬ್ಯಾಟರಿ ಎಂದು ಮೊದಲೇ ಹೇಳಿ. ಆ ಹೊಗೆ ವಿಷಕಾರಿ; ಬೆಂಕಿ ಆರಿದಂತೆ ಕಂಡು ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳುವುದೂ ಉಂಟು. ಲಿಥಿಯಂ ಬ್ಯಾಟರಿಯಲ್ಲೇ ಒಂದು ಬಗೆಯಾದ ಲಿಥಿಯಂ ಐರನ್ ಫಾಸ್ಫೇಟ್ ಹೊತ್ತಿಕೊಳ್ಳುವ ಸಂಭವ ಕಡಿಮೆ, ನಿಜ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ.

ಇನ್ನೊಂದು ಗೆರೆಯನ್ನೂ ದಾಟಬೇಡಿ: ಪೆಟ್ಟಿಗೆಯ ಸ್ಕ್ರೂ ಬಿಚ್ಚುವುದು. ಇನ್ವರ್ಟರ್ ಭಾಗದ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ, ಯಂತ್ರ ಆರಿಸಿದ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಬ್ಯಾಟರಿಯನ್ನಂತೂ ಆರಿಸಲು ಸ್ವಿಚ್ಚೇ ಇಲ್ಲ. ಈ ಬರಹದಲ್ಲಿ ಹೇಳಿರುವುದೆಲ್ಲ ಹೊರಗಿನಿಂದ ಮಾಡುವ ಕೆಲಸ.

ಗುಂಡಿ ಒತ್ತಿದರೂ ಜೀವವಿಲ್ಲ

ಎಷ್ಟು ಹೊತ್ತು ಒತ್ತಿದಿರಿ? ಕೆಲವು ಯಂತ್ರಗಳು ಮುಟ್ಟಿದರೆ ಏಳುತ್ತವೆ, ಕೆಲವಕ್ಕೆ ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು. ಮೊದಲು ಅದನ್ನು ನೋಡಿ.

ಆಗಲೂ ಏಳದಿದ್ದರೆ ಚಾರ್ಜಿಂಗ್ ತಂತಿಯನ್ನು ಗೋಡೆಗೆ ಸಿಕ್ಕಿಸಿ ಒಂದೆರಡು ಗಂಟೆ ಬಿಟ್ಟುಬಿಡಿ. ತಿಂಗಳುಗಟ್ಟಲೆ ಮುಟ್ಟದೆ ಇಟ್ಟ ಪೆಟ್ಟಿಗೆ ಏಳದಿರುವುದಕ್ಕೆ ಸಾಮಾನ್ಯ ಕಾರಣ ಬ್ಯಾಟರಿ ತೀರಾ ಬರಿದಾಗಿರುವುದು. ಒಳಗೆ ಬ್ಯಾಟರಿ ಕಾಯುವ ಸರ್ಕ್ಯೂಟ್ ಒಂದಿದೆ, ಬಿಎಂಎಸ್ ಎನ್ನುತ್ತಾರೆ. ಯಂತ್ರ ಆರಿದ್ದಾಗಲೂ ಅದು ಗುಟುಕು ಗುಟುಕಾಗಿ ಕುಡಿಯುತ್ತಿರುತ್ತದೆ. ಸೆಲ್‌ಗಳ ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ಅದೇ ಬ್ಯಾಟರಿಯನ್ನು ಕಡಿದುಹಾಕುತ್ತದೆ. ಚಾರ್ಜಿಂಗ್ ಕರೆಂಟ್ ಬಂದಾಗ ಮತ್ತೆ ಎಚ್ಚರಗೊಳ್ಳುತ್ತದೆ. ಗೋಡೆಯ ಕರೆಂಟಿಗೆ ಏಳದ ಕೆಲವು ಯಂತ್ರ ಕಾರಿನ ಸಾಕೆಟ್‌ಗೋ ಸೌರ ಫಲಕಕ್ಕೋ ಏಳುವುದುಂಟು. ಅದನ್ನೂ ಒಮ್ಮೆ ನೋಡಿ.

ಎಲ್ಲ ದಾರಿಯಿಂದ ಪ್ರಯತ್ನಿಸಿ, ಒಂದು ಹಗಲು ಕಾದರೂ ಪರದೆ ಬೆಳಗದಿದ್ದರೆ ಸರ್ವಿಸ್‌ನವರಿಗೆ ಬಿಡಿ. ಬೇರೆ ಚಾರ್ಜರಿನಿಂದ ಬ್ಯಾಟರಿಗೆ ನೇರವಾಗಿ ಕರೆಂಟ್ ಕೊಟ್ಟು ಎಬ್ಬಿಸುವ ವಿಡಿಯೊಗಳನ್ನು ನಂಬಬೇಡಿ. ತೀರಾ ಬರಿದಾದ ಲಿಥಿಯಂ ಸೆಲ್‌ನ ಒಳಗೆ ತಾಮ್ರ ಕರಗಿ, ಮತ್ತೆ ಚಾರ್ಜ್ ಮಾಡಿದಾಗ ಒಳಗೊಳಗೇ ಶಾರ್ಟ್ ಆಗುವ ಅಪಾಯವಿದೆ. ಬಿಎಂಎಸ್ ಹಟ ಹಿಡಿದರೆ ಅದಕ್ಕೆ ಕಾರಣವಿರುತ್ತದೆ.

ಪರದೆ ಬೆಳಗಿದೆ, ಸಾಕೆಟ್‌ನಲ್ಲಿ ಕರೆಂಟಿಲ್ಲ

ಎಸಿ ಸಾಕೆಟ್‌ಗಳಿಗೆ ಬೇರೆಯೇ ಗುಂಡಿ ಇರುತ್ತದೆ. ಯಂತ್ರ ಚಾಲೂ ಆದ ಮಾತ್ರಕ್ಕೆ ಇನ್ವರ್ಟರ್ ಚಾಲೂ ಆಗುವುದಿಲ್ಲ. ಹಾಸ್ಯವಲ್ಲ, ಕತ್ತಲಲ್ಲಿ ಟಾರ್ಚ್ ಹಿಡಿದು ಪರದಾಡುವವರಿಗೆ ಇದು ನೆನಪಾಗುವುದೇ ಇಲ್ಲ.

ಗುಂಡಿ ಒತ್ತಿದ ಮೇಲೂ ಇಲ್ಲವೆಂದರೆ ಎಲ್ಲ ಪ್ಲಗ್ ಕಿತ್ತು, ಒಂದು ಟೇಬಲ್ ಲ್ಯಾಂಪ್ ಮಾತ್ರ ಸಿಕ್ಕಿಸಿ ನೋಡಿ. ಲ್ಯಾಂಪ್ ಉರಿದರೆ ಇನ್ವರ್ಟರ್ ಸರಿಯಿದೆ, ಹಿಂದೆ ಸಿಕ್ಕಿಸಿದ್ದ ಉಪಕರಣವೋ ಎಕ್ಸ್‌ಟೆನ್ಷನ್ ತಂತಿಯೋ ಕೆಟ್ಟಿದೆ, ಇಲ್ಲವೇ ಹೊರೆ ಹೆಚ್ಚಾಗಿತ್ತು. ಉರಿಯದಿದ್ದರೆ ಪರದೆಯ ಮೇಲಿನ ದೋಷ ಸಂಖ್ಯೆ ಬರೆದುಕೊಂಡು, ಯಂತ್ರ ಪೂರ್ತಿ ಆರಿಸಿ, ಐದು ನಿಮಿಷ ಬಿಟ್ಟು ಚಾಲೂ ಮಾಡಿ. ಬರೆದುಕೊಳ್ಳುವುದು ಆರಿಸುವ ಮೊದಲು. ಆರಿಸಿದರೆ ಸಂಖ್ಯೆಯೂ ಹೋಗುತ್ತದೆ, ಮತ್ತೆ ಯಾವಾಗ ಬರುತ್ತದೆಯೋ ತಿಳಿಯದು.

ಚಾರ್ಜ್ ಇದ್ದರೂ ನಡುರಾತ್ರಿ ತಾನಾಗಿ ಆರಿಹೋಗುತ್ತದೆ

ನನ್ನ ರೂಟರ್ ಕತೆ ಇದೇ. ಹಲವು ಯಂತ್ರಗಳಲ್ಲಿ ಇಕೋ ಮೋಡ್ ಅಥವಾ ಆಟೋ ಆಫ್ ಎಂಬ ವ್ಯವಸ್ಥೆ ಕಾರ್ಖಾನೆಯಿಂದಲೇ ಚಾಲೂ ಆಗಿ ಬರುತ್ತದೆ. ಸಾಕೆಟ್‌ನಿಂದ ಎಳೆಯುತ್ತಿರುವ ಕರೆಂಟ್ ಬಹಳ ಕಡಿಮೆ ಇದ್ದರೆ, ಯಾರೂ ಬಳಸುತ್ತಿಲ್ಲ ಎಂದು ಭಾವಿಸಿ ಅದು ಕೆಲ ಹೊತ್ತಿನ ನಂತರ ಇನ್ವರ್ಟರ್ ಆರಿಸುತ್ತದೆ. ರೂಟರ್ ಎಳೆಯುವುದು ಸುಮಾರು 10 ವ್ಯಾಟ್. ಯಂತ್ರದ ಲೆಕ್ಕದಲ್ಲಿ ಅದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

ಫ್ರಿಜ್ ವಿಷಯದಲ್ಲಿ ಇದು ಇನ್ನೂ ಮೋಸದ ದೋಷ. ಕಂಪ್ರೆಸರ್ ಸತತವಾಗಿ ಓಡುವುದಿಲ್ಲ. ತಣ್ಣಗಾದ ಮೇಲೆ ನಿಲ್ಲುತ್ತದೆ, ಆಗ ಬಳಕೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಅದೇ ಬಿಡುವಿನಲ್ಲಿ ಇಕೋ ಮೋಡ್ ಸಾಕೆಟ್ ಆರಿಸಿದರೆ ಕಂಪ್ರೆಸರ್ ಮತ್ತೆ ಏಳುವುದೇ ಇಲ್ಲ. ನೀವು ಹಗಲಲ್ಲಿ ಹದಿನೈದು ನಿಮಿಷ ಪರೀಕ್ಷಿಸಿದಾಗ ಎಲ್ಲ ಚೆನ್ನಾಗಿರುತ್ತದೆ, ಬೆಳಿಗ್ಗೆ ಎದ್ದಾಗ ಫ್ರಿಜ್ ಬೆಚ್ಚಗಿರುತ್ತದೆ. ಮೆನುವಿನಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಆ ಸೆಟ್ಟಿಂಗ್ ಹುಡುಕಿ ಆಫ್ ಮಾಡಿ. ಆ್ಯಪ್‌ನಲ್ಲಿ ಮಾತ್ರ ಸಿಗುವ ಸೆಟ್ಟಿಂಗ್ ಆದರೆ ಕರೆಂಟ್ ಇರುವಾಗಲೇ ಮಾಡಿ ಮುಗಿಸಿ. ಕರೆಂಟ್ ಹೋದ ಮೇಲೆ ಇಂಟರ್ನೆಟ್ಟೂ ಇಲ್ಲದೆ ಆ್ಯಪ್ ಲಾಗಿನ್ ಕೇಳುತ್ತಾ ಕೂರುವುದನ್ನು ನಾನು ಅನುಭವಿಸಿದ್ದೇನೆ.

ಇಕೋ ಮೋಡ್ ಆಫ್ ಮಾಡಿದ ಮೇಲೂ ನಿಲ್ಲುತ್ತಿದ್ದರೆ ಪೆಟ್ಟಿಗೆ ಇಟ್ಟ ಜಾಗ ನೋಡಿ. ಗಾಳಿಕಿಂಡಿ ಗೋಡೆಗೆ ಅಂಟಿಕೊಂಡಿದ್ದರೆ, ಮೇಲೆ ಬಟ್ಟೆ ಬಿದ್ದಿದ್ದರೆ, ಬಾಗಿಲು ಮುಚ್ಚಿದ ಬೀರುವಿನಲ್ಲಿದ್ದರೆ ಶಾಖ ಏರಿ ತಾನಾಗಿ ನಿಲ್ಲುತ್ತದೆ. ಸುತ್ತಲೂ ಒಂದು ಗೇಣಿಗೆ ಕಡಿಮೆಯಿಲ್ಲದಂತೆ ಜಾಗ ಬಿಡಿ.

ಫ್ರಿಜ್ ಏಳುತ್ತಿದ್ದಂತೆ ಓವರ್‌ಲೋಡ್ ಎಂದು ಆರುತ್ತದೆ

ಒಂದು ದಿನ ಫ್ರಿಜ್ ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತು ಪರದೆಯನ್ನೇ ನೋಡಿದೆ. ಮೊದಲು 2 ವ್ಯಾಟ್. ಒಳಗೆ ಟಕ್ ಎಂದಿತು. ಸಂಖ್ಯೆ ಒಮ್ಮೆಲೇ 600 ದಾಟಿ, ಕಣ್ಣು ಮಿಟುಕಿಸುವಷ್ಟರಲ್ಲಿ ಇಳಿದು, 130ರಲ್ಲಿ ಓಲಾಡಿ, ಮೂರ್ನಾಲ್ಕು ನಿಮಿಷದ ನಂತರ 92ಕ್ಕೆ ನಿಂತಿತು. ಆ ಮೊದಲ ಜಿಗಿತವೇ ಎಲ್ಲ ತಂಟೆಯ ಮೂಲ. ಪರದೆ ನಿಧಾನವಾಗಿ ಬದಲಾಗುವುದರಿಂದ ನಿಜವಾದ ಜಿಗಿತ ಇನ್ನೂ ಎತ್ತರದ್ದಾಗಿದ್ದಿರಬಹುದು. ಮೋಟಾರ್ ಇರುವ ಯಾವುದೇ ಉಪಕರಣ, ಫ್ರಿಜ್, ನೀರಿನ ಪಂಪ್, ಏನೇ ಇರಲಿ, ಏಳುವ ಕ್ಷಣದಲ್ಲಿ ತಾನು ಓಡುವಾಗ ತಿನ್ನುವುದರ ಹಲವು ಪಟ್ಟು ಎಳೆಯುತ್ತದೆ. ಪೆಟ್ಟಿಗೆಯ ಮೇಲೆ ಸತತ ವ್ಯಾಟ್ ಎಷ್ಟು, ಕ್ಷಣಿಕ ವ್ಯಾಟ್ ಎಷ್ಟು ಎಂದು ಎರಡು ಸಂಖ್ಯೆ ಬರೆದಿರುವುದು ಇದಕ್ಕೇ.

ಪರೀಕ್ಷೆ ಹೀಗೆ: ಉಳಿದೆಲ್ಲ ಪ್ಲಗ್ ಕಿತ್ತು ಫ್ರಿಜ್ ಒಂದನ್ನೇ ಹಾಕಿ. ಎದ್ದರೆ, ಹಿಂದೆ ಒಟ್ಟು ಹೊರೆ ಹೆಚ್ಚಾಗಿತ್ತು. ಫ್ರಿಜ್ ಎದ್ದ ಮೇಲೆ ಉಳಿದವನ್ನು ಒಂದೊಂದಾಗಿ ಸೇರಿಸಿ. ಆದರೆ ಕಂಪ್ರೆಸರ್ ರಾತ್ರಿಯಿಡೀ ಮತ್ತೆ ಮತ್ತೆ ಏಳುತ್ತದೆ, ಪ್ರತಿ ಸಲವೂ ಅದಕ್ಕೆ ಜಾಗ ಉಳಿದಿರಬೇಕು. ಒಂದೇ ಹಾಕಿದರೂ ಆರಿದರೆ ಎಕ್ಸ್‌ಟೆನ್ಷನ್ ತಂತಿ ಬಿಟ್ಟು ನೇರವಾಗಿ ಸಿಕ್ಕಿಸಿ; ಉದ್ದನೆಯ ಸಣಕಲು ತಂತಿಯಲ್ಲಿ ವೋಲ್ಟೇಜ್ ಬಿದ್ದು ಮೋಟಾರ್ ಏಳಲು ಒದ್ದಾಡುತ್ತದೆ. ಈಗಷ್ಟೇ ನಿಂತ ಕಂಪ್ರೆಸರನ್ನು ಕೂಡಲೇ ಎಬ್ಬಿಸಲು ಹೋಗಬೇಡಿ. ಒಳಗಿನ ಅನಿಲದ ಒತ್ತಡ ಇಳಿಯಲು ಐದು ನಿಮಿಷ ಕೊಡಿ, ಇಲ್ಲದಿದ್ದರೆ ಒಳ್ಳೆಯ ಯಂತ್ರವೂ ಸೋಲುತ್ತದೆ. ಆಮೇಲೂ ಏಳದಿದ್ದರೆ ದೋಷ ಯಾವುದರಲ್ಲೂ ಇಲ್ಲ, ಜೋಡಿ ಸರಿಯಿಲ್ಲ.

ಶಾಖ ಕೊಡುವ ಉಪಕರಣಗಳಲ್ಲಿ ಜಿಗಿತವಿಲ್ಲ, ನೇರವಾದ ಭಾರವಿದೆ. ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಹೀಟರ್ ಇವು 1000ದಿಂದ 2000 ವ್ಯಾಟ್ ಕೇಳುತ್ತವೆ. ಮೈಕ್ರೋವೇವ್ ಮೇಲೆ ದೊಡ್ಡದಾಗಿ ಬರೆದ 700 ವ್ಯಾಟ್ ಒಳಗಿನ ಪದಾರ್ಥಕ್ಕೆ ಮುಟ್ಟುವ ಶಕ್ತಿ. ಗೋಡೆಯಿಂದ ಎಳೆಯುವುದು 1000ಕ್ಕೂ ಮೀರಬಹುದು. ಹಿಂಬದಿಯ ಚಿಕ್ಕ ಚೀಟಿ ಓದಿ.

ಮೋಟಾರ್ ಏಳುತ್ತದೆ, ಆದರೆ ಗುಂಯ್ ಎನ್ನುತ್ತದೆ, ಬಿಸಿಯಾಗುತ್ತದೆ ಎಂದಾದರೆ ಇನ್ವರ್ಟರ್ ಶುದ್ಧ ಸೈನ್ ತರಂಗದ್ದೇ (ಗೋಡೆಯ ಕರೆಂಟಿನಂತೆ ನಯವಾಗಿ ಏರಿಳಿಯುವ ಕರೆಂಟ್ ಕೊಡುವಂಥದ್ದೇ) ಎಂದು ಕೈಪಿಡಿಯಲ್ಲಿ ನೋಡಿ. ಹಾಗೆಯೇ 50 ಮತ್ತು 60 ಹರ್ಟ್ಸ್ ಆಯ್ಕೆಯಿದ್ದರೆ ನಿಮ್ಮ ಮನೆಯ ಪೂರೈಕೆಗೆ ಹೊಂದುವುದನ್ನೇ ಇಡಿ.

ಹೇಳಿದಷ್ಟು ಹೊತ್ತು ಬರುವುದಿಲ್ಲ

ಅತಿ ಹೆಚ್ಚು ಬರುವ ದೂರು ಇದು, ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವುದೂ ಇದೇ. ನಿಧಾನವಾಗಿ ನೋಡೋಣ.

1024 ವ್ಯಾಟ್-ಅವರ್ (ಎಷ್ಟು ವ್ಯಾಟ್ ಎಷ್ಟು ಗಂಟೆ ಎಂದು ಗುಣಿಸಿದ ಅಳತೆ) ಎಂದು ಬರೆದ ಯಂತ್ರಗಳನ್ನು ನೀವು ನೋಡಿರಬಹುದು. ಇದೇನು ವಿಚಿತ್ರ ಸಂಖ್ಯೆ ಎಂದರೆ, 3.2 ವೋಲ್ಟ್‌ನ 16 ಸೆಲ್ ಸರಣಿಯಲ್ಲಿ ಕಟ್ಟಿದರೆ 51.2 ವೋಲ್ಟ್, ಅದು 20 ಆಂಪಿಯರ್-ಅವರ್‌ನದಾದರೆ ಗುಣಿಸಿ 1024. ಅಂದರೆ ಅದು ಸೆಲ್‌ಗಳ ಒಳಗಿರುವ ಶಕ್ತಿ. ಸಾಕೆಟ್‌ಗೆ ಬರುವಷ್ಟರಲ್ಲಿ ಇನ್ವರ್ಟರ್ ತನ್ನ ಪಾಲು ಶಾಖವಾಗಿ ತೆಗೆದುಕೊಳ್ಳುತ್ತದೆ. ಮಧ್ಯಮ ಹೊರೆಯಲ್ಲಿ 850ರಿಂದ 900 ಸಿಕ್ಕಿದರೆ ಯಂತ್ರ ಆರೋಗ್ಯವಾಗಿದೆ ಎಂದೇ ಅರ್ಥ.

ಇದಕ್ಕಿಂತ ದೊಡ್ಡ ಸೋರಿಕೆ ಚಿಕ್ಕ ಹೊರೆಯಲ್ಲಿದೆ. ಇನ್ವರ್ಟರ್ ಚಾಲೂ ಇದ್ದರೆ ಏನೂ ಸಿಕ್ಕಿಸದಿದ್ದರೂ ಕರೆಂಟ್ ತಿನ್ನುತ್ತದೆ. 15 ವ್ಯಾಟ್ ಎಂದುಕೊಳ್ಳಿ. 10 ವ್ಯಾಟ್‌ನ ರೂಟರ್ ನಡೆಸಲು ಬ್ಯಾಟರಿಯಿಂದ ಹೋಗುವುದು 25 ವ್ಯಾಟ್. ನೂರು ಗಂಟೆ ಬರಬೇಕಿತ್ತು ಎಂದು ಲೆಕ್ಕ ಹಾಕಿದವರಿಗೆ ಸಿಗುವುದು ಸುಮಾರು ನಲವತ್ತು. ಚಾಕರಿಯವನ ಊಟ ಯಜಮಾನನ ಊಟಕ್ಕಿಂತ ದೊಡ್ಡದಾಯಿತು! ರೂಟರನ್ನು ಎಸಿ ಸಾಕೆಟ್ ಬಿಟ್ಟು 12 ವೋಲ್ಟ್ ಡಿಸಿ ಕಿಂಡಿಯಿಂದ ನಡೆಸಿದರೆ ಇನ್ವರ್ಟರನ್ನೇ ಆರಿಸಬಹುದು. ರೂಟರ್ ಅಡಾಪ್ಟರಿನ ಮೇಲಿನ ವೋಲ್ಟೇಜ್ ಮತ್ತು ಪಿನ್‌ನ ಧನ ಋಣ ಎರಡೂ ಹೊಂದಬೇಕು. ಒಂದು ತಪ್ಪಿದರೂ ರೂಟರ್ ಹೋಗುತ್ತದೆ. ಡಿಸಿ ಕಿಂಡಿಯ ವೋಲ್ಟೇಜ್ ಕೆಲವು ಯಂತ್ರಗಳಲ್ಲಿ 13 ದಾಟುತ್ತದೆ ಎಂಬುದನ್ನೂ ಗಮನದಲ್ಲಿಡಿ.

ಫ್ರಿಜ್‌ಗೆ ಲೆಕ್ಕ ಬೇರೆ. ಓಡುವಾಗ 100 ವ್ಯಾಟ್ ಎಳೆದು, ಗಂಟೆಯಲ್ಲಿ ಶೇ 40ರಷ್ಟು ಹೊತ್ತು ಮಾತ್ರ ಓಡಿದರೆ ಸರಾಸರಿ 40. ಪರಿವರ್ತನೆಯ ನಷ್ಟ, ಇನ್ವರ್ಟರಿನ ಪಾಲು ಸೇರಿ ಸುಮಾರು 60. ಮೇಲೆ ಹೇಳಿದ ಯಂತ್ರದಲ್ಲಿ ಹದಿನೇಳು ಗಂಟೆ. ಸೆಕೆಯ ದಿನ, ಪದೇ ಪದೇ ಬಾಗಿಲು ತೆಗೆಯುವ ಮನೆ ಎಂದಾದರೆ ಅದರಲ್ಲಿ ಎಷ್ಟೋ ಗಂಟೆ ಬಿಟ್ಟುಕೊಡಬೇಕು.

ಈಗ ನಿಜವಾದ ಅಳತೆ. ಇದೊಂದು ಪರೀಕ್ಷೆಗೆ ಒಂದು ಹಗಲು ಬೇಕು, ಆದರೆ ವಾರಂಟಿ ಕೇಳಲು ಇದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

1. ಶೇ 100ರವರೆಗೆ ಚಾರ್ಜ್ ಮಾಡಿ, ತಲುಪಿದ ಮೇಲೂ ಎರಡು ಮೂರು ಗಂಟೆ ತಂತಿ ಹಾಗೇ ಇರಲಿ.
2. ಗೋಡೆಯ ತಂತಿಯನ್ನು ಕಿತ್ತುಹಾಕಿ. ತಂತಿ ಇದ್ದರೆ ಹೆಚ್ಚಿನ ಯಂತ್ರಗಳು ಗೋಡೆಯ ಕರೆಂಟನ್ನೇ ನೇರವಾಗಿ ಸಾಕೆಟ್‌ಗೆ ದಾಟಿಸುತ್ತವೆ. ನೀವು ಅಳೆಯುವುದು ಮನೆಯ ಕರೆಂಟನ್ನು, ಬ್ಯಾಟರಿಯನ್ನಲ್ಲ.
3. ಸಾಕೆಟ್‌ಗೆ ವಿದ್ಯುತ್ ಮೀಟರ್, ಅದಕ್ಕೆ 100ರಿಂದ 200 ವ್ಯಾಟ್‌ನ ಏರಿಳಿತವಿಲ್ಲದ ಹೊರೆ. ಹಳೆಯ ಮಾದರಿಯ ತಂತುಬಲ್ಬ್ ಅಥವಾ ಟೇಬಲ್ ಫ್ಯಾನ್ ಜೊತೆಗೆ ದೀಪಗಳು ಆದೀತು. ಫ್ರಿಜ್ ಬೇಡ.
4. ಶುರುವಾದ ಸಮಯ, ಪ್ರತಿ ಗಂಟೆಗೆ ಪರದೆಯ ಶೇಕಡಾ ಮತ್ತು ಮೀಟರಿನ ಸಂಖ್ಯೆ ಬರೆಯಿರಿ.
5. ತಾನಾಗಿ ಆರುವವರೆಗೆ ಬಿಡಿ. ಕರೆಂಟ್ ಆರಿದ ಮೇಲೂ ಒಟ್ಟು ವ್ಯಾಟ್-ಅವರ್ ಅಳಿಸಿಹೋಗದ ಮೀಟರೇ ಎಂದು ಮೊದಲೇ ನೋಡಿಕೊಂಡಿರಿ.
6. ಕೂಡಲೇ ಮತ್ತೆ ಚಾರ್ಜಿಗೆ ಹಾಕಿ. ಬರಿದಾಗಿಸಿ ಮಲಗಿಬಿಟ್ಟರೆ ಪರೀಕ್ಷೆಯೇ ರೋಗವಾಗುತ್ತದೆ.

ಮೀಟರ್ ಇಲ್ಲದವರು ಹೊರೆಯ ವ್ಯಾಟನ್ನು ಗಂಟೆಗಳಿಂದ ಗುಣಿಸಿ. ಬಂದ ಸಂಖ್ಯೆ ಪೆಟ್ಟಿಗೆಯ ಮೇಲಿನ ಸಂಖ್ಯೆಯ ಶೇ 80ರಿಂದ 90ರ ನಡುವೆ ಇದ್ದರೆ ನೆಮ್ಮದಿಯಾಗಿರಿ. ಹೊಸ ಯಂತ್ರದಲ್ಲಿ ಶೇ 70ಕ್ಕಿಂತ ಕಡಿಮೆ ಬಂದರೆ ಇನ್ನೊಮ್ಮೆ ಪೂರ್ತಿ ಪರೀಕ್ಷೆ ಮಾಡಿ. ಎರಡನೆಯ ಸಲವೂ ಅಷ್ಟೇ ಬಂದರೆ ಕಾಗದ ತೆಗೆದುಕೊಂಡು ಮಾರಿದವರ ಬಳಿ ಹೋಗಿ. ಚಳಿಯಲ್ಲಿ ಮಾಡಿದ ಪರೀಕ್ಷೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ತಣ್ಣಗಿನ ಬ್ಯಾಟರಿ ಯಾವಾಗಲೂ ಕಡಿಮೆ ಕೊಡುತ್ತದೆ.

ಶೇ 30 ಇದ್ದದ್ದು ಒಮ್ಮೆಲೇ ಸೊನ್ನೆಯಾಗುತ್ತದೆ

ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ತುಂಬಿರುವಾಗಲೂ ಅರ್ಧವಾದಾಗಲೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ತೋರಿಸುತ್ತದೆ, ಕೊನೆಗೆ ಮಾತ್ರ ಜರ್ರನೆ ಇಳಿಯುತ್ತದೆ. ಹಾಗಾಗಿ ಯಂತ್ರ ವೋಲ್ಟೇಜ್ ನಂಬದೆ, ಒಳಹೋದ ಹೊರಬಂದ ಕರೆಂಟನ್ನು ಎಣಿಸಿ ಶೇಕಡಾ ಹೇಳುತ್ತದೆ. ಸದಾ 40ರಿಂದ 80ರ ನಡುವೆ ಬಳಸುತ್ತಿದ್ದರೆ ಎಣಿಕೆಯ ಚಿಕ್ಕ ತಪ್ಪುಗಳು ಕೂಡುತ್ತಾ ಹೋಗುತ್ತವೆ. ಒಮ್ಮೆ ಪೂರ್ತಿ ಬರಿದು ಮಾಡಿ, ಬಿಡುವಿಲ್ಲದೆ ಪೂರ್ತಿ ತುಂಬಿಸಿದರೆ ಎಣಿಕೆ ಹಳಿಗೆ ಬರುತ್ತದೆ. ಮೇಲಿನ ಪರೀಕ್ಷೆ ಮಾಡಿದವರಿಗೆ ಇದು ಪುಕ್ಕಟೆಯಾಗಿ ಆಗಿಹೋಗಿರುತ್ತದೆ.

ಎರಡು ಮೂರು ಸಲ ಹೀಗೆ ಮಾಡಿದ ಮೇಲೂ ಅದೇ ಜಾಗದಲ್ಲಿ ಕುಸಿದರೆ ಸೆಲ್‌ಗಳಲ್ಲಿ ಒಂದು ಉಳಿದವುಗಳಿಗಿಂತ ಬೇಗ ಸೋಲುತ್ತಿದೆ. ಹದಿನಾರರಲ್ಲಿ ಒಂದು ತಳ ಮುಟ್ಟಿದರೂ ಬಿಎಂಎಸ್ ಎಲ್ಲವನ್ನೂ ನಿಲ್ಲಿಸುತ್ತದೆ. ಸೆಲ್‌ಗಳನ್ನು ಸಮ ಮಾಡುವ ಕೆಲಸ ಸಾಮಾನ್ಯವಾಗಿ ಚಾರ್ಜ್ ತುಂಬುವ ಹೊತ್ತಿಗೆ ನಡೆಯುತ್ತದೆ. ಶೇ 100 ಆದ ಮೇಲೂ ತಂತಿ ಬಿಡಿ ಎಂದದ್ದು ಅದಕ್ಕೆ. ಅದೂ ಕೈಗೂಡದಿದ್ದರೆ ಮನೆಯಲ್ಲಿ ಮಾಡುವುದೇನೂ ಉಳಿದಿಲ್ಲ.

ಚಾರ್ಜ್ ಆಗುತ್ತಿಲ್ಲ, ಅಥವಾ ಆಮೆಯಂತೆ ಆಗುತ್ತಿದೆ

ಗೋಡೆಯ ಸಾಕೆಟ್‌ಗೆ ಬೇರೆ ಉಪಕರಣ ಹಾಕಿ ನೋಡಿ. ತಂತಿಯನ್ನು ಕಿತ್ತು ಗಟ್ಟಿಯಾಗಿ ಸಿಕ್ಕಿಸಿ. ಎಸಿ ತಂತಿ ಸೇರುವ ಜಾಗದ ಪಕ್ಕದಲ್ಲಿ ಚಿಕ್ಕ ಕಪ್ಪು ಗುಂಡಿಯೊಂದು ಹೊರಕ್ಕೆ ಚಾಚಿಕೊಂಡಿದೆಯೇ? ಅದು ಟ್ರಿಪ್ ಆದ ರಕ್ಷಣಾ ಗುಂಡಿ. ಒಮ್ಮೆ ಒಳಕ್ಕೆ ಒತ್ತಿ. ಮತ್ತೆ ಹೊರಬಂದರೆ ಮತ್ತೆ ಒತ್ತಬೇಡಿ, ಸರ್ವಿಸ್‌ಗೆ ಹೇಳಿ.

ನಿಧಾನವಾಗಿದ್ದರೆ ನಿಶ್ಶಬ್ದ ಚಾರ್ಜಿಂಗ್ ಎಂಬ ಸೆಟ್ಟಿಂಗ್ ಚಾಲೂ ಇದೆಯೇ, ಚಾರ್ಜಿಂಗ್ ಮಿತಿಯನ್ನು ಯಾರಾದರೂ ಶೇ 80ಕ್ಕೆ ಇಟ್ಟಿದ್ದಾರೆಯೇ ನೋಡಿ. ಕೊನೆಯ ಶೇ 10 ನಿಧಾನವಾಗುವುದು ಸಹಜ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಎಂಎಸ್ ಚಾರ್ಜ್ ನಿರಾಕರಿಸುತ್ತದೆ, ಏಕೆಂದರೆ ಆ ಚಳಿಯಲ್ಲಿ ಲಿಥಿಯಂ ಸೆಲ್‌ನ ಒಳಗೆ ಲೋಹವಾಗಿ ಅಂಟಿ ಶಾಶ್ವತ ಹಾನಿಯಾಗುತ್ತದೆ. ಬಿಸಿಯಾದಾಗಲೂ, ಸುಮಾರು 45 ಡಿಗ್ರಿಯ ಆಸುಪಾಸಿನಲ್ಲಿ, ನಿಲ್ಲಿಸುತ್ತದೆ. ಎರಡಕ್ಕೂ ಮದ್ದು ಒಂದೇ: ಹಿತವಾದ ಕೋಣೆಯಲ್ಲಿಟ್ಟು ಕಾಯುವುದು.

ಕಾರಿನ ಸಾಕೆಟ್‌ನಿಂದ ನಿಧಾನ ಎಂದು ಬೇಸರಪಡಬೇಡಿ. 12 ವೋಲ್ಟ್, 8ರಿಂದ 10 ಆಂಪಿಯರ್ ಎಂದರೆ ನೂರು ವ್ಯಾಟ್ ಚಿಲ್ಲರೆ; ದೊಡ್ಡ ಪೆಟ್ಟಿಗೆಗೆ ಹತ್ತು ಗಂಟೆ ಬೇಕು.

ಸೌರ ಫಲಕದಿಂದ ಬರದಿದ್ದರೆ ಮೊದಲು ನೆರಳು. ಒಂದು ಮೂಲೆಯ ಮೇಲೆ ಬಿದ್ದ ಕಂಬದ ನೆರಳು ಅರ್ಧ ಉತ್ಪಾದನೆಯನ್ನೇ ನುಂಗಬಲ್ಲದು. ಕಿಟಕಿಯ ಗಾಜಿನ ಹಿಂದೆ ಇಟ್ಟವರು ಹೊರಗೆ ತೆಗೆಯಿರಿ. 200 ವ್ಯಾಟ್ ಫಲಕ ಚೊಕ್ಕ ಬಿಸಿಲಿನಲ್ಲಿ 120ರಿಂದ 160 ಕೊಟ್ಟರೆ ಅದರಲ್ಲಿ ದೋಷವಿಲ್ಲ. ಏನೂ ಬರದಿದ್ದರೆ ಫಲಕದ ತಂತಿಯ ತುದಿಯಲ್ಲಿ ಮಲ್ಟಿಮೀಟರಿನಿಂದ ಡಿಸಿ ವೋಲ್ಟೇಜ್ ನೋಡಿ. ಋಣ ಚಿಹ್ನೆ ಬಂದರೆ ಧನ ಋಣ ತಿರುಗುಮುರುಗಾಗಿದೆ.

ಫಲಕಗಳನ್ನು ಸರಣಿಯಲ್ಲಿ ಕಟ್ಟುವವರು ಇಲ್ಲಿ ನಿಂತು ಓದಿ. ಸರಣಿಯಲ್ಲಿ ವೋಲ್ಟೇಜ್ ಕೂಡುತ್ತದೆ. ಹೊರೆಯಿಲ್ಲದಾಗ 22 ವೋಲ್ಟ್ ಕೊಡುವ ಫಲಕ ಎರಡಾದರೆ 44, ಮೂರಾದರೆ 66. ಯಂತ್ರದ ಮಿತಿ 60 ಎಂದಿದ್ದರೆ ಮೂರನೆಯದು ಅದರ ಸೌರ ಭಾಗವನ್ನು ಸುಡಬಹುದು, ವಾರಂಟಿ ಸಿಗುವುದು ಕಷ್ಟ. ಚಳಿಯ ಬೆಳಗಿನಲ್ಲಿ ಆ ವೋಲ್ಟೇಜ್ ಇನ್ನೂ ಏರುತ್ತದೆ, 25 ಡಿಗ್ರಿಯಿಂದ ಸೊನ್ನೆಗೆ ಇಳಿದರೆ ಸುಮಾರು ಶೇ 7ರಿಂದ 8ರಷ್ಟು. ಮಿತಿಗೆ ಅಂಟಿಕೊಂಡಂತೆ ಕಟ್ಟಬೇಡಿ.

ಕರೆಂಟ್ ಹೋದ ಕ್ಷಣ ಕಂಪ್ಯೂಟರ್ ಆರಿ ಮತ್ತೆ ಚಾಲೂ ಆಗುತ್ತದೆ

ಗೋಡೆಯ ಕರೆಂಟಿನಿಂದ ಬ್ಯಾಟರಿಗೆ ದಾಟಲು ಯಂತ್ರಕ್ಕೆ 10ರಿಂದ 30 ಮಿಲಿಸೆಕೆಂಡ್ ಬೇಕು. ಕಂಪ್ಯೂಟರಿನ ಪವರ್ ಸಪ್ಲೈ ಪೂರ್ತಿ ಹೊರೆಯಲ್ಲಿ ಉಸಿರು ಹಿಡಿಯುವುದು 15ರಿಂದ 20 ಮಿಲಿಸೆಕೆಂಡ್. ಈ ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆ ಎಂದು ಮೊದಲೇ ಹೇಳಲಾಗದು. ಕೆಲಸ ಉಳಿಸಿಕೊಂಡು, ಯಂತ್ರಕ್ಕೆ ಬರುವ ಗೋಡೆಯ ಸ್ವಿಚ್ ಆರಿಸಿ ನೋಡಿ. ಹತ್ತು ಸಲ ಮಾಡಿ. ಒಂಬತ್ತು ಸಲ ದಾಟಿ ಹತ್ತನೆಯದರಲ್ಲಿ ಬಿದ್ದರೆ ಅದು ಫೇಲ್. ಆಗ ಕಂಪ್ಯೂಟರಿಗೆ ಪ್ರತ್ಯೇಕ ಯುಪಿಎಸ್ ಬೇಕು.

ಇಲ್ಲೇ ಇನ್ನೊಂದು ಬಲೆಯಿದೆ. ಗೋಡೆಯ ಕರೆಂಟ್ ದಾಟಿಬರುವಾಗ ಹೊರೆಯನ್ನು ಇನ್ವರ್ಟರ್ ಹೊರುವುದಿಲ್ಲ. ತಿಂಗಳುಗಟ್ಟಲೆ ಸುಸೂತ್ರವಾಗಿ ನಡೆದ ಜೋಡಣೆ ಕರೆಂಟ್ ಹೋದ ಕ್ಷಣ ಓವರ್‌ಲೋಡ್ ಎಂದು ಮಲಗಬಹುದು. ಇದೂ ಸ್ವಿಚ್ ಆರಿಸಿ ನೋಡಿದರೆ ಮಾತ್ರ ತಿಳಿಯುತ್ತದೆ.

ಉಸಿರಾಟದ ಯಂತ್ರದಂಥ ವೈದ್ಯಕೀಯ ಉಪಕರಣವನ್ನು ಇದರ ಮೇಲೆ ನಡೆಸುವವರು ಪರೀಕ್ಷೆಯನ್ನು ರೋಗಿ ಬಳಸದ ಹೊತ್ತಿನಲ್ಲಿ ಮಾಡಬೇಕು. ಉಪಕರಣ ತಯಾರಕರ ಒಪ್ಪಿಗೆ ಕೇಳಬೇಕು, ಎರಡನೆಯ ಬದಲಿ ವ್ಯವಸ್ಥೆಯೂ ಇರಬೇಕು. ಒಂದೇ ಪೆಟ್ಟಿಗೆಯನ್ನು ನಂಬಿ ಇರುವುದು ಬೇಡ.

ಟೆಸ್ಟರ್ ಎರಡೂ ತೂತಿನಲ್ಲಿ ಬೆಳಗುತ್ತದೆ

ಗಾಬರಿ ಬೇಡ, ಇದು ಸಾಮಾನ್ಯವಾಗಿ ದೋಷವಲ್ಲ. ಮನೆಯ ವೈರಿಂಗ್‌ನಲ್ಲಿ ನ್ಯೂಟ್ರಲ್ ತಂತಿಯನ್ನು ಎಲ್ಲೋ ಒಂದು ಕಡೆ ಭೂಮಿಗೆ ಕಟ್ಟಿರುತ್ತಾರೆ. ಪವರ್ ಸ್ಟೇಷನ್‌ನಲ್ಲಿ ಬಹುಮಟ್ಟಿಗೆ ಎರಡೂ ತಂತಿ ಭೂಮಿಯಿಂದ ಬೇರೆಯಾಗಿ ತೇಲುತ್ತಿರುತ್ತವೆ. ಅರ್ತ್ ಪಿನ್‌ನಿಂದ ಅಳೆದರೆ ಎರಡೂ ಕಡೆ ಒಟ್ಟು ವೋಲ್ಟೇಜಿನ ಸುಮಾರು ಅರ್ಧ ಕಾಣುವುದುಂಟು. ಎರಡು ತೂತುಗಳ ನಡುವಿನ ವೋಲ್ಟೇಜ್ ಸರಿಯಿದ್ದರೆ ಸಾಕು. ಆದರೆ ಇಂಥ ಜೋಡಣೆಯಲ್ಲಿ ಸೋರಿಕೆ ಹಿಡಿಯುವ ಆರ್‌ಸಿಡಿ ಕೆಲಸ ಮಾಡುತ್ತದೆ ಎಂದು ನಂಬಿ ಒದ್ದೆ ಜಾಗದಲ್ಲಿ ಬಳಸಬೇಡಿ.

ಇನ್ನೊಂದು ಮಾತು: ಯಂತ್ರದ ಸಾಕೆಟ್‌ನಿಂದ ಎರಡೂ ತುದಿಗೆ ಪ್ಲಗ್ ಇರುವ ತಂತಿ ಎಳೆದು ಗೋಡೆಯ ಸಾಕೆಟ್‌ಗೆ ಸಿಕ್ಕಿಸಿ ಇಡೀ ಮನೆಗೆ ಕರೆಂಟ್ ಕೊಡುವ ಉಪಾಯ ಯಾರು ಹೇಳಿದರೂ ಮಾಡಬೇಡಿ. ತೆರೆದ ಪಿನ್‌ನಲ್ಲಿ ಜೀವಂತ ಕರೆಂಟ್ ಇರುತ್ತದೆ, ಬೀದಿಯ ತಂತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ಗೂ ಅದು ಮುಟ್ಟಬಹುದು, ಮುಖ್ಯ ಕರೆಂಟ್ ಮರಳಿದಾಗ ಇನ್ವರ್ಟರ್ ಸುಡುತ್ತದೆ. ಮನೆಯ ವೈರಿಂಗ್‌ಗೇ ಜೋಡಿಸಬೇಕಿದ್ದರೆ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಅದೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ.

ಲ್ಯಾಪ್‌ಟಾಪ್ ಟೈಪ್-ಸಿ ಕಿಂಡಿಯಲ್ಲಿ ನಿಧಾನ

ಹತ್ತರಲ್ಲಿ ಎಂಟು ಸಲ ಕೇಬಲ್ಲೇ ಕಾರಣವಾಗಿರುವುದನ್ನು ಕಂಡಿದ್ದೇನೆ. ಒಳಗೆ ಗುರುತಿನ ಚಿಪ್ ಇಲ್ಲದ ಕೇಬಲ್ 60 ವ್ಯಾಟ್ ಮೀರುವುದಿಲ್ಲ, ಕಿಂಡಿಯ ಮೇಲೆ 100 ಎಂದು ಬರೆದಿದ್ದರೂ ಅಷ್ಟೇ. ಲ್ಯಾಪ್‌ಟಾಪ್ ಜೊತೆ ಬಂದ ಕೇಬಲ್ ಹಾಕಿ ನೋಡಿ.

ಸರ್ವಿಸ್‌ಗೆ ಒಯ್ಯುವ ಮೊದಲು

ತಯಾರಕರ ಜಾಲತಾಣದಲ್ಲಿ ನಿಮ್ಮ ಯಂತ್ರದ ಕ್ರಮಸಂಖ್ಯೆ ಹಾಕಿ, ಆ ಮಾದರಿಯನ್ನು ವಾಪಸ್ ಕರೆಸಿಕೊಂಡಿದ್ದಾರೆಯೇ ನೋಡಿ. ಫರ್ಮ್‌ವೇರ್ (ಯಂತ್ರದ ಒಳಗಿನ ತಂತ್ರಾಂಶ) ಹೊಸದು ಬಂದಿದ್ದರೆ ಹಾಕಿ, ಆದರೆ ಬಿರುಗಾಳಿಯ ಮುನ್ಸೂಚನೆ ಇರುವ ದಿನ ಬೇಡ. ಅರ್ಧಕ್ಕೆ ನಿಂತ ಅಪ್‌ಡೇಟ್ ಒಳ್ಳೆಯ ಯಂತ್ರವನ್ನೂ ಇಟ್ಟಿಗೆ ಮಾಡಬಲ್ಲದು. ಒಯ್ಯುವಾಗ ದೋಷ ಸಂಖ್ಯೆ, ಆಗ ಜೋಡಿಸಿದ್ದ ಉಪಕರಣಗಳು ಮತ್ತು ಅವುಗಳ ವ್ಯಾಟ್, ಪರದೆಯ ಶೇಕಡಾ, ಕೋಣೆಯ ಉಷ್ಣತೆ, ಗಂಟೆಗಂಟೆಗೆ ಬರೆದ ಆ ಹಾಳೆ, ಜೊತೆಗೆ ಪರದೆಯ ಫೋಟೊ ಇರಲಿ. ಬರಿಗೈಯಲ್ಲಿ ಹೋದ ನನಗೆ ಮೊದಲ ಸಲ 'ನಮ್ಮಲ್ಲಿ ಸರಿಯಾಗಿಯೇ ನಡೆಯುತ್ತಿದೆ' ಎಂಬ ಉತ್ತರ ಸಿಕ್ಕಿತ್ತು. ಮುಂದೆ ಬೇರೊಂದು ದೋಷಕ್ಕೆ ಹಾಳೆ ಹಿಡಿದು ಹೋದಾಗ ಅವರು ಎರಡು ಪ್ರಶ್ನೆ ಕೇಳಿ ಬೋರ್ಡ್ ಬದಲಾಯಿಸಿಕೊಟ್ಟರು.

ಯಂತ್ರ ವಾಪಸ್ ಬಂದ ಮೇಲೆ ಬಳಸದೆ ಇಡುವುದಾದರೆ ಶೇ 50ರ ಆಸುಪಾಸಿನಲ್ಲಿ ಆರಿಸಿಡಿ, ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ. ಬ್ಯಾಕಪ್‌ಗೆಂದು ಸದಾ ಸಿದ್ಧವಾಗಿಡುವವರು ಅದೇ ಮೂರು ತಿಂಗಳಿಗೊಮ್ಮೆ ಗೋಡೆಯ ಸ್ವಿಚ್ ಆರಿಸಿ, ನಿಜವಾದ ಫ್ರಿಜ್ಜನ್ನೇ ಜೋಡಿಸಿ, ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಎದ್ದು ಮೊದಲು ನೋಡಬೇಕಾದದ್ದು ಪರದೆಯ ಶೇಕಡಾ ಅಲ್ಲ, ಫ್ರಿಜ್ಜಿನ ಒಳಗಿನ ದೀಪ.